ಪಕ್ಕದ ಫಾರ್ಮಸಿ ಬಿಟ್ಟು ಇನ್ಶೂರೆನ್ಸಿನವರು ಹೇಳಿದಲ್ಲೇ ಮಾತ್ರೆ ಕೊಳ್ಳಬೇಕಾ?

ಪ್ರಶ್ನೆ: ನಾವಿರುವುದು ಅಮೆರಿಕದ ಒಕ್ಲಹೋಮಾದಲ್ಲಿ. ಬಿಪಿ ಮಾತ್ರೆಯನ್ನು ಮನೆ ಪಕ್ಕದ ಫಾರ್ಮಸಿಯಲ್ಲೇ ತಗೊಳ್ತಿದ್ದೆ. ಈಗ ಇನ್ಶೂರೆನ್ಸಿನವರು ‘ಮೇಲ್ ಆರ್ಡರ್‌ನಲ್ಲೇ (ಅಂದರೆ ಅಂಚೆಯಲ್ಲಿ ಮನೆಗೆ) ತರಿಸಿ, ಇಲ್ಲದಿದ್ದರೆ ಪೂರ್ತಿ ದುಡ್ಡು ನೀವೇ ಕೊಡಿ’ ಎನ್ನುತ್ತಿದ್ದಾರೆ. ಕಾನೂನು ಇದನ್ನು ಒಪ್ಪುತ್ತದೆಯೇ?

ಉತ್ತರ: ಇನ್ಶೂರೆನ್ಸ್ ಕೆಲಸದ ಕಡೆಯಿಂದ ಬಂದಿದೆಯೋ, ನೀವೇ ಕೊಂಡಿದ್ದೋ? ಅದರ ಮೇಲೆ ಉತ್ತರ ಬದಲಾಗುತ್ತದೆ.

ಇನ್ಶೂರೆನ್ಸ್ ಮತ್ತು ಫಾರ್ಮಸಿ ನಡುವೆ ಪಿಬಿಎಂ ಎಂಬ ಮಧ್ಯವರ್ತಿ ಕಂಪನಿಗಳಿವೆ. ಯಾವ ಅಂಗಡಿಗೆ ಎಷ್ಟು ಕೊಡಬೇಕು, ನೀವು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಇವರೇ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಈ ಮೂರೇ ದೇಶದ ಸುಮಾರು 80% ಪ್ರಿಸ್ಕ್ರಿಪ್ಷನ್‌ಗಳನ್ನು ನಿಭಾಯಿಸುತ್ತವೆ. ಮೂರಕ್ಕೂ ಸ್ವಂತ ಮೇಲ್ ಆರ್ಡರ್ ಫಾರ್ಮಸಿ ಇದೆ. ಗಿರಾಕಿಯನ್ನು ತಮ್ಮ ಅಂಗಡಿಗೇ ಕಳಿಸ್ತಾರೆ ಅಂತ ಅನುಮಾನ ಬರುವುದು ಸಹಜ, ಅಲ್ವಾ?

ನಿಮ್ಮ ರಾಜ್ಯ 2019ರಲ್ಲಿ ಇದಕ್ಕೇ ಒಂದು ಕಾನೂನು ತಂದಿತು. ಷರತ್ತು ಒಪ್ಪುವ ಯಾವ ಫಾರ್ಮಸಿಯನ್ನೂ ಇನ್ಶೂರೆನ್ಸ್ ನಡೆಯುವ ಅಂಗಡಿಗಳ ಪಟ್ಟಿಯಿಂದ, ಅಂದರೆ ನೆಟ್‌ವರ್ಕ್‌ನಿಂದ ಹೊರಗಿಡುವಂತಿಲ್ಲ. ಜನರ ಮನೆಯಿಂದ ಇಷ್ಟು ಮೈಲಿಯೊಳಗೆ ಫಾರ್ಮಸಿ ಇರಬೇಕು, ಮೇಲ್ ಆರ್ಡರ್ ತೋರಿಸಿ ಆ ಲೆಕ್ಕ ತುಂಬಿಸುವಂತಿಲ್ಲ. ಪಿಬಿಎಂಗಳ ಸಂಘ ಕೋರ್ಟಿಗೆ ಹೋಯಿತು. ಉದ್ಯೋಗದಾತರ ಪ್ಲಾನ್‌ಗಳು 1974ರ ಎರಿಸಾ ಎಂಬ ಕೇಂದ್ರ ಕಾನೂನಿನಡಿ ಬರುತ್ತವೆ, ಅವುಗಳ ನೆಟ್‌ವರ್ಕ್ ಹೇಗಿರಬೇಕೆಂದು ರಾಜ್ಯ ಹೇಳುವಂತಿಲ್ಲ ಎಂದು 2023ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ, ಹಾಗಾಗಿ ಆ ತೀರ್ಪೇ ಉಳಿಯಿತು.

ವಿಚಿತ್ರವೆಂದರೆ, ಅರ್ಕಾನ್ಸಾ ರಾಜ್ಯದ ಕೇಸಿನಲ್ಲಿ 2020ರಲ್ಲಿ ಅದೇ ಸುಪ್ರೀಂ ಕೋರ್ಟ್ 8–0ರಿಂದ ರಾಜ್ಯದ ಪರ ನಿಂತಿತ್ತು. ಅಲ್ಲಿ ವಿಷಯ ಫಾರ್ಮಸಿಗೆ ಕೊಡುವ ದರ. ಅಂಗಡಿಯವನಿಗೆ ರಕ್ಷಣೆ ಸಿಕ್ಕಿತು, ಅಂಗಡಿ ಆರಿಸುವ ನಿಮಗೆ ಅಷ್ಟು ಸಿಗಲಿಲ್ಲ!

65 ದಾಟಿ, ಹಿರಿಯರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್‌ನ ಪಾರ್ಟ್ ಡಿ (ಔಷಧಿಯ ಭಾಗ) ಇರುವವರ ಲೆಕ್ಕ ಬೇರೆ. ಪ್ಲಾನಿನ ಷರತ್ತು ಒಪ್ಪುವ ಫಾರ್ಮಸಿಯನ್ನು ಸೇರಿಸಿಕೊಳ್ಳಲೇಬೇಕು ಎಂದು ಕೇಂದ್ರದ ಕಾನೂನೇ ಹೇಳುತ್ತದೆ. ಆದರೆ ‘ಪ್ರಿಫರ್ಡ್’ ಅಂಗಡಿಯಲ್ಲಿ ಕಡಿಮೆ, ಉಳಿದ ಕಡೆ ಜಾಸ್ತಿ ಕೋಪೇ (ನೀವು ಕೈಯಿಂದ ಕೊಡುವ ಪಾಲು) ಇಡಬಹುದು.

ಆದ್ದರಿಂದ ಮೊದಲು ಎಚ್‌ಆರ್‌ಗೆ ಕೇಳಿ: ಕ್ಲೇಮಿನ ದುಡ್ಡು ಕಂಪನಿಯೇ ಕೊಡುತ್ತದಾ, ಅಂದರೆ ಪ್ಲಾನ್ ಸೆಲ್ಫ್ ಫಂಡೆಡ್ಡಾ? ಹೌದೆಂದರೆ ರಾಜ್ಯಕ್ಕೆ ದೂರು ಕೊಟ್ಟು ಹೆಚ್ಚು ಪ್ರಯೋಜನವಿಲ್ಲ. ಫೆಡರಲ್ ಕಾರ್ಮಿಕ ಇಲಾಖೆಯನ್ನು ಕೇಳಬೇಕು. ನೀವೇ ಕೊಂಡ ಪ್ಲಾನ್ ಆದರೆ ರಾಜ್ಯಕ್ಕೇ ದೂರು ಕೊಡಿ. ಅದಕ್ಕೂ ಮೊದಲು ಕಾರ್ಡಿನ ಹಿಂದಿರುವ ನಂಬರಿಗೆ ಒಂದು ಫೋನ್ ಮಾಡಿ. ಕೆಲವು ಪ್ಲಾನ್‌ಗಳಲ್ಲಿ ‘ಮೇಲ್ ಆರ್ಡರ್ ಬೇಡ’ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಹಳೆಯ ಅಂಗಡಿಗೇ ಬಿಡುತ್ತಾರೆ.