ಹೂವಿಗೆ ಬೇಲಿ, ನೀರಿಗೆ ಚರಂಡಿ

ಕಾಸ್ ಪ್ರಸ್ಥಭೂಮಿಗೆ ಜನ ಹೆಚ್ಚಾಗಿ ಬರುವುದು ಸೆಪ್ಟೆಂಬರಿನಲ್ಲಿ, ಬಯಲ ತುಂಬ ಹಾಸಿದ ಹೂ ನೋಡಲು. ನನಗೆ ಅಲ್ಲಿ ಕೆಲಸ ಅದಕ್ಕೂ ಮೊದಲೇ, ಮಳೆ ಜಡಿ ಹಿಡಿದಾಗ. ಮಹಾರಾಷ್ಟ್ರದ ಸತಾರಾ ಬಳಿಯ ಈ ಜಂಬಿಟ್ಟಿಗೆ ಬಯಲಿನ ತಗ್ಗುಗಳಲ್ಲಿ ನೀರು ನಿಂತಿತೆಂದರೆ ವಾಯತುರಾ ಎಂಬ ನೀರಗಿಡ ತಲೆಯೆತ್ತುತ್ತದೆ. ನೀರಿನಿಂದ ಮೇಲೆದ್ದ ಒಂದು ದಂಟು, ಅದರ ತುದಿಯಲ್ಲಿ ಕವೆಯಂತೆ ಎರಡಾಗಿ ಒಡೆದ ತೆನೆ, ತೆನೆ ಪೂರ್ತಿ ಪುಟ್ಟ ನಸುಗೆಂಪು ಹೂ. ಸಸ್ಯಶಾಸ್ತ್ರದಲ್ಲಿ ಇದು ಅಪೊನೊಜೆಟನ್ ಸತಾರೆನ್ಸಿಸ್. ಉತ್ತರ ಸಹ್ಯಾದ್ರಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಗಿಡ.

ಇದನ್ನು ಉಳಿಸಬೇಕೆಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಬೇಲಿ. ಕಾಲ್ತುಳಿತ ತಪ್ಪಬೇಕು, ಒಪ್ಪಿದೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದಾಗಿ ಕಾಸ್ ವಿಶ್ವ ಪರಂಪರೆ ಪಟ್ಟಿ ಸೇರಿತು. ಗೌರವದ ಹಿಂದೆಯೇ ವಾಹನಗಳೂ ಬಂದವು. ಆದರೆ ಬೇಲಿ ದನವನ್ನೂ ತಡೆಯುತ್ತದೆ. ಮೇಯುವ ಬಾಯಿ ಇಲ್ಲದ ಕಡೆ ಎತ್ತರದ ಹುಲ್ಲು ಮೇಲುಗೈಯಾಗಿ, ಬಿಸಿಲು ಬೇಡುವ ಕುಳ್ಳ ಗಿಡಗಳನ್ನು ಅಮುಕಿಬಿಡುತ್ತದೆ. ಹಿತಮಿತವಾಗಿ ಮೇಯುವ ದನ ಇಲ್ಲಿ ನಮ್ಮ ಕಡೆಯದೇ.

ನಿಜವಾದ ಲೆಕ್ಕ ಇರುವುದು ನೀರಿನಲ್ಲಿ. ಕೆಳಗೆ ಬಂಡೆ, ಮೇಲೆ ಬೆರಳುದ್ದದ ಮಣ್ಣು. ಹಾಗಾಗಿ ಮಳೆನೀರು ತಗ್ಗಿನಲ್ಲಿ ನಿಲ್ಲುತ್ತದೆ, ಮಳೆ ನಿಂತ ಮೇಲೆ ಬತ್ತುತ್ತದೆ. ವಾಯತುರಾಕ್ಕೆ ಎರಡೂ ಬೇಕು. ಬೇಸಿಗೆಯಲ್ಲಿ ಎಲೆ ದಂಟು ಏನೂ ಕಾಣದು, ಒಣಮಣ್ಣಿನೊಳಗೆ ಗೆಡ್ಡೆ ಮಲಗಿರುತ್ತದೆ. ವರ್ಷಪೂರ್ತಿ ನೀರಿದ್ದರೆ ಜೊಂಡಿನಂಥ ದೊಡ್ಡ ಗಿಡಗಳು ಬಂದು ನೆಲೆಯೂರುತ್ತವೆ. ಅವೆಲ್ಲ ಸುಳಿಯದಂತೆ ಈ ಪುಟ್ಟ ಹೂವನ್ನು ಕಾಯುತ್ತಿರುವುದೇ ಬೇಸಿಗೆ. "ಹೊಂಡ ಸ್ವಲ್ಪ ಆಳ ಮಾಡಿಸೋಣ ಸಾರ್, ನೀರು ನಿಲ್ಲಲಿ" ಎಂದು ಒಳ್ಳೆಯ ಮನಸ್ಸಿನಿಂದ ಹೇಳುವವರಿದ್ದಾರೆ. ಕೆರೆಗೆ ಸರಿ, ಇದಕ್ಕೆ ವಿಷ. ಇನ್ನು ರಸ್ತೆಬದಿಗೆ ಒಂದು ಮೊಳ ಚರಂಡಿ ತೋಡಿದರೂ ಸಾಕು, ಕೆಳಗಿನ ತಗ್ಗು ವಾರಗಟ್ಟಲೆ ಮೊದಲೇ ಬತ್ತಬಹುದು. ಹೂ ಕಾಯಿಕಟ್ಟುವಷ್ಟರಲ್ಲಿ ನೀರೇ ಇರದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಿಡ ಕಿತ್ತವರಿಲ್ಲ, ತುಳಿದವರಿಲ್ಲ.

ಬೀಜ ತೆಗೆದಿಡುವುದೂ ಇದೆ. ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿಡುವುದು ಬೀಜ ಬ್ಯಾಂಕಿನ ಮಾಮೂಲಿ ದಾರಿ. ಆದರೆ ನೀರಗಿಡಗಳಲ್ಲಿ ಕೆಲವುದರ ಬೀಜ ಒಣಗಿಸಿದರೆ ಸತ್ತೇಹೋಗುತ್ತದೆ. ಆಯುವಾಗಲೂ ಅಂದು ಮಾಗಿದ್ದರಲ್ಲಿ ಐದರಲ್ಲೊಂದು ಪಾಲು ಮೀರಬಾರದು. ಅಪರೂಪದ ಗಿಡವಾದರೆ ಅದೂ ಜಾಸ್ತಿಯೇ.

ಅಪರೂಪದ್ದಕ್ಕೆ ಕೈಹಾಕುವ ಮುನ್ನ ಸಾಮಾನ್ಯ ಸೋದರ ಜಾತಿಯಲ್ಲಿ ಕೈ ಪಳಗಿಸಿಕೊಳ್ಳುವುದು ನಮ್ಮ ರೂಢಿ. ನಾನು ಅಪೊನೊಜೆಟನ್ ನಟಾನ್ಸ್ ಗೆಡ್ಡೆಗಳನ್ನು ಕುಂಡದಲ್ಲಿಟ್ಟು, ಅಕ್ಕರೆ ಹೆಚ್ಚಾಗಿ ಏಪ್ರಿಲ್‌ನಲ್ಲೂ ನೀರುಣಿಸಿದೆ. ಒತ್ತಿ ನೋಡಿದರೆ ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಗಿದ್ದವು. ಉಳಿದದ್ದು ನಾಲ್ಕು. ಮರುವರ್ಷ ಅವನ್ನು ಒಣಮಣ್ಣಿನಲ್ಲಿ ಮರೆತವನಂತೆ ಬಿಟ್ಟೆ. ಜೂನ್‌ನಲ್ಲಿ ಮೂರು ಚಿಗುರಿದವು.