ಪದ ಪರಿಚಯ: ಸಂಕಲಿತ ವಂಶಾವಳಿ

ಒಂದು ಮನೆತನದ ತಲೆಮಾರುಗಳನ್ನು ಹಿಂದೆಯೇ ಯಾರೋ ಕಲೆಹಾಕಿ, ಮೂಲಪುರುಷನಿಂದ ಮೊದಲ್ಗೊಂಡು ತಮ್ಮ ಕಾಲದವರೆಗೆ ಒಂದೆಡೆ ಬರೆದಿಟ್ಟಿದ್ದರೆ ಅದನ್ನು ಸಂಕಲಿತ ವಂಶಾವಳಿ ಎನ್ನಬಹುದು. ‘ಆವಳಿ’ ಎಂದರೆ ಸಾಲು. ಜನನ ನೋಂದಣಿ, ಕ್ರಯಪತ್ರ, ದತ್ತುಪತ್ರಗಳು ಆಯಾ ಸಂದರ್ಭದಲ್ಲೇ ಹುಟ್ಟಿದ ಮೂಲ ದಾಖಲೆಗಳು. ವಂಶಾವಳಿಯಾದರೋ ಅಂಥ ಕಾಗದಗಳನ್ನೂ ಹಿರಿಯರ ನೆನಪನ್ನೂ ಬೆರೆಸಿ ಆಮೇಲೆ ಕಟ್ಟಿದ್ದು. ಪೌತಿ ಖಾತೆಗಾಗಿ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು) ಕಂದಾಯ ಇಲಾಖೆಗೆ ಸಲ್ಲಿಸುವ ‘ವಂಶವೃಕ್ಷ’ವೂ ಈ ಬಗೆಯದೇ, ಆದರೆ ವಾರಸುದಾರರನ್ನು ತೋರಿಸುವುದಷ್ಟೇ ಅದರ ಕೆಲಸ.

ಉತ್ತರ ಕರ್ನಾಟಕದಲ್ಲಿ ವಂಶಾವಳಿ ಬರೆದಿಡುವುದನ್ನೇ ಕುಲವೃತ್ತಿಯಾಗಿಸಿಕೊಂಡವರು ಹೆಳವರು. ಕೆಲವು ವರ್ಷಗಳಿಗೊಮ್ಮೆ ಎತ್ತಿನ ಗಾಡಿಯಲ್ಲಿ ಒಕ್ಕಲು ಮನೆಗಳಿಗೆ ಬಂದು, ಹೊತ್ತಿಗೆ ಬಿಚ್ಚಿ, ಮನೆತನದ ಮೂಲ ಊರು, ಬೆಡಗು (ಕುಲದೊಳಗಿನ ಬಳಿ), ಪೂರ್ವಿಕರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವುದು ರೂಢಿ. ಕಾಗದಪತ್ರಗಳೇ ಉಳಿಯದ ರೈತಾಪಿ ಕುಟುಂಬಗಳಿಗೆ ಇದಕ್ಕಿಂತ ಹಳೆಯ ಆಧಾರ ಸಿಗುವುದು ಅಪರೂಪವಾದ್ದರಿಂದ, ಇದನ್ನು ಕಟ್ಟುಕಥೆಯೆಂದು ಬದಿಗಿಡುವುದು ಅವಿವೇಕ.

ಹಾಗೆಂದು ಅಕ್ಷರಶಃ ನಂಬುವಂತೆಯೂ ಇಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ವಾಡಿಕೆ. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಕಲ್ಲಪ್ಪ ಎಂದು ಸಾಗುವ ಸಾಲಿನಲ್ಲಿ, ನಕಲು ಮಾಡುವವನ ಕಣ್ಣು ಮೊದಲ ಬಸಪ್ಪನಿಂದ ಎರಡನೆಯವನಿಗೆ ಜಾರಿದರೆ ಎರಡು ತಲೆಮಾರು ಸದ್ದಿಲ್ಲದೆ ಮಾಯವಾಗುತ್ತವೆ. ಉಳಿದ ಸಾಲು ಮಾತ್ರ ನೆಟ್ಟಗೇ ಕಾಣುತ್ತದೆ. ಕಾಲದ ತೊಡಕು ಬೇರೆ: ಶಕವರ್ಷ ಕೊಡದೆ ‘ವಿಕಾರಿ ಸಂವತ್ಸರ’ ಎಂದಷ್ಟೇ ಬರೆದಿದ್ದರೆ, ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಅದು 1899-1900 ಆಗಿರಬಹುದು, 1959-60 ಕೂಡ ಆಗಿರಬಹುದು. ದತ್ತು ಬಂದವನು ಹೊಟ್ಟೆಯ ಮಗನೆಂದೇ ನಮೂದಾಗಿರುವುದುಂಟು. ಹೆಣ್ಣುಮಕ್ಕಳ ಹೆಸರಂತೂ ಬಹುಪಾಲು ಇರುವುದೇ ಇಲ್ಲ.

ಲೋಹದ ಮೇಲೆ ಕೊರೆದದ್ದೂ ಪರೀಕ್ಷೆಗೆ ಹೊರತಲ್ಲ. ತಲಕಾಡಿನ ಗಂಗರ ವಂಶಾವಳಿ ಹೇಳುವ ಹಲವು ತಾಮ್ರಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ ಒಪ್ಪಿದರೆ, ಇನ್ನೊಬ್ಬ ಶಾಸನತಜ್ಞ ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು, ಅಂದರೆ ನಕಲಿ ಶಾಸನಗಳೆಂದು, ತಳ್ಳಿಹಾಕಿದ್ದರು.

ಆದ್ದರಿಂದ ಸಂಶೋಧಕನು ಇಂಥ ವಂಶಾವಳಿಯನ್ನು ಸಾಕ್ಷಿಯೆಂದಲ್ಲ, ಸಾಕ್ಷಿಗಳಿರುವ ಕಡೆಗೆ ಕೈತೋರುವ ಬರಹವೆಂದು ಹಿಡಿಯಬೇಕು. ತೀರಾ ಈಚಿನ ತಲೆಮಾರಿನಿಂದ ಹಿಂದಕ್ಕೆ ನಡೆದು, ಪ್ರತಿ ಹೆಸರನ್ನೂ ಜಮೀನಿನ ಹಳೆಯ ಪಹಣಿ, ಕ್ರಯಪತ್ರಗಳೊಂದಿಗೆ ತಾಳೆ ನೋಡಬೇಕು. ದಾಯಾದಿಗಳಿಬ್ಬರ ಮನೆಯ ಪ್ರತಿಗಳು ಒಂದೇ ಮಾತು ಹೇಳಿದರೆ ಹಿಗ್ಗುವ ಮೊದಲು, ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದೇ ಎಂದು ವಿಚಾರಿಸಬೇಕು. ಒಂದೇ ಜಾಗದಲ್ಲಿ ಒಂದೇ ತಪ್ಪು ಎರಡರಲ್ಲೂ ಇದ್ದರೆ ಉತ್ತರ ಅಲ್ಲೇ ಸಿಗುತ್ತದೆ.