ದುರ್ಗದ ಕೋಟೆಯಲ್ಲಿ ದೆವ್ವ ಇದೆಯಂತೆ, ಹೌದಾ?

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಚಿತ್ರದುರ್ಗದ ಕೋಟೆ ನೋಡೋಕೆ ಬರಬೇಕು ಅಂತಿದ್ದೀವಿ. ಆದರೆ ಓಬವ್ವನ ಕಿಂಡಿ ಹತ್ರ ಹೊತ್ತು ಮುಳುಗಿದ ಮೇಲೆ ಒನಕೆ ಕುಟ್ಟುವ ಶಬ್ದ ಕೇಳುತ್ತಂತೆ. ಅಕ್ಕತಂಗಿ ಹೊಂಡದ ಕಡೆಯಿಂದ ಹೆಂಗಸರು ಅಳುವುದು ಕೇಳುತ್ತಂತೆ. ನಮ್ಮ ಅತ್ತೆ ಬೇಡವೇ ಬೇಡ ಅಂತ ಕೂತಿದ್ದಾರೆ. ನಿಜವಾಗಲೂ ಅಲ್ಲಿ ದೆವ್ವ ಇದೆಯಾ?

ಉತ್ತರ: ಇಲ್ಲ. ಧೈರ್ಯವಾಗಿ ಬನ್ನಿ, ಅತ್ತೆಯವರನ್ನೂ ಕರ್ಕೊಂಡು ಬನ್ನಿ.

ನಾನು ದುರ್ಗದವನು ಅಂತ ಗೊತ್ತಾದ ಕೂಡಲೇ ಹೊರಗಿನವರು ಕೇಳುವ ಮೊದಲ ಪ್ರಶ್ನೆ ಇದೇ. ಬರೀ "ಇಲ್ಲ" ಅಂದರೆ ಯಾರಿಗೂ ಸಮಾಧಾನ ಆಗಲ್ಲ. ಯಾಕಂದ್ರೆ ಶಬ್ದ ಕೇಳುವುದು ಸುಳ್ಳಲ್ಲ. ನಾನೇ ಕೇಳಿದ್ದೇನೆ.

ಆಗ ನನಗೆ ಹತ್ತು ವರ್ಷ. ಚಿಕ್ಕಪ್ಪನ ಮಗನ ಜೊತೆ ಸಂಜೆ ಕೋಟೆಯ ಹಿಂಭಾಗದ ಬಂಡೆಗಳ ಮೇಲೆ ಆಡುತ್ತಿದ್ದೆ. ಬೆಳಕು ಮಂಕಾಗುತ್ತಿತ್ತು. ದಬ್... ದಬ್... ಅಂತ ನಮ್ಮ ಬೆನ್ನ ಹಿಂದೆಯೇ ಕುಟ್ಟುವ ಸದ್ದು. ತಿರುಗಿ ನೋಡಿದರೆ ಬರೀ ಬಂಡೆ. ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದೆವು. ಮನೆಗೆ ಬಂದಾಗ ನನ್ನ ಮೊಣಕಾಲು ತರಚಿ ರಕ್ತ ಬರ್ತಿತ್ತು. ಅಜ್ಜಿ ಅರಿಶಿನ ಹಚ್ಚುತ್ತಾ, "ಹೊತ್ತು ಮುಳುಗಿದ ಮ್ಯಾಲೆ ಕ್ವಾಟೆ ಕಡೀಗೆ ಹೋಗ್ಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ಮಗಾ" ಅಂದಳು.

ಮಾರನೇ ದಿನ ಅಪ್ಪ ಅದೇ ಹೊತ್ತಿಗೆ ನನ್ನನ್ನು ಅದೇ ಜಾಗಕ್ಕೆ ಕರ್ಕೊಂಡು ಹೋದರು. ಚಪ್ಪಲಿ ತರೋಣ ಬಾ ಅಂದರು ಅಷ್ಟೇ. ಮತ್ತೆ ಅದೇ ಸದ್ದು. ನಾನು ಅಪ್ಪನ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಅಪ್ಪ ಕೆಳಗೆ ಬೆರಳು ತೋರಿಸಿದರು. ತುಂಬ ದೂರದಲ್ಲಿ ಒಬ್ಬ ಹೆಂಗಸು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅವಳ ಕೈ ಮೇಲೆ ಹೋಗುತ್ತೆ, ಬಟ್ಟೆ ಕಲ್ಲಿಗೆ ಬೀಳುತ್ತೆ, ಸದ್ದೇ ಇಲ್ಲ. ಅವಳು ಮತ್ತೆ ಕೈ ಎತ್ತುವ ಹೊತ್ತಿಗೆ ನಮ್ಮ ಹಿಂದಿನ ಬಂಡೆಯಿಂದ ದಬ್ ಅಂತ ಕೇಳುತ್ತೆ. "ನೋಡು, ಕಣ್ಣಿಗೆ ಮುಂದೆ, ಕಿವಿಗೆ ಹಿಂದೆ" ಅಂದರು ಅಪ್ಪ. ಇವತ್ತಿಗೂ ಕೋಟೆಯಲ್ಲಿ ಏನೇ ಸದ್ದು ಕೇಳಿದರೂ ಆ ಮಾತು ನೆನಪಾಗುತ್ತೆ.

ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬೆಳಕಿನ ಮುಂದೆ ಇದು ಬಹಳ ನಿಧಾನ. ಅದಕ್ಕೇ ದೂರದ ಪೆಟ್ಟು ಕಣ್ಣಿಗೆ ಕಂಡ ಮೇಲೆ ಕಿವಿಗೆ ಬರುತ್ತೆ. ಅದರ ಮೇಲೆ ದುರ್ಗದ ಬಂಡೆಗಳು ಗೋಡೆಗಳ ಹಾಗೆ ನಿಂತಿವೆ. ಸದ್ದು ಅವಕ್ಕೆ ಬಡಿದು ವಾಪಸ್ ಬರುವಾಗ ದಿಕ್ಕೇ ತಪ್ಪಿಹೋಗುತ್ತೆ. ಸಂಜೆ ಆದಮೇಲೆ ಇನ್ನೊಂದು ಸಂಗತಿ ಸೇರ್ಕೊಳ್ಳುತ್ತೆ. ನೆಲ ಬೇಗ ತಣ್ಣಗಾಗುತ್ತೆ, ನೆಲಕ್ಕೆ ಹತ್ತಿರದ ಗಾಳಿಯೂ ತಣ್ಣಗಾಗುತ್ತೆ, ಮೇಲಿನ ಗಾಳಿ ಇನ್ನೂ ಬೆಚ್ಚಗೇ ಇರುತ್ತೆ. ಮೇಲಕ್ಕೆ ಹೋಗಬೇಕಾದ ಶಬ್ದ ಆಗ ಬಾಗಿ ಕೆಳಗೆ ಇಳಿಯುತ್ತೆ. ಹಗಲು ಕೇಳದ ದೂರದ ಗಂಟೆ, ಲಾರಿ ಹಾರ್ನು, ಯಾರದೋ ಮಾತು ರಾತ್ರಿ ಹತ್ತಿರದಲ್ಲೇ ಕೇಳುವುದು ಇದಕ್ಕೇ.

ಬಂಡೆಗಳೂ ಸುಮ್ನಿರಲ್ಲ. ಬಿಸಿಲಿಗೆ ಕಾದು ಹಿಗ್ಗುತ್ತವೆ, ರಾತ್ರಿ ಆರಿ ಕುಗ್ಗುತ್ತವೆ. ವರ್ಷಾನುಗಟ್ಟಲೆ ಹೀಗಾಗಿ ಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತೆ. ಬಿಡುವಾಗ ಟಪ್ ಅನ್ನುತ್ತೆ. ಇನ್ನು ಗಾಳಿ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ನೀವು ಹೆದ್ದಾರಿಯಿಂದಲೇ ನೋಡಿರುತ್ತೀರಿ. ಅಂಥ ಗಾಳಿ ಬಂಡೆ ಸಂದಿಗಳಲ್ಲಿ ನುಗ್ಗಿದರೆ ಯಾರೋ ಉಸಿರು ಬಿಟ್ಟ ಹಾಗೆ ಕೇಳುತ್ತೆ.

ಹೊಂಡದ ಹತ್ತಿರದ ಅಳು? ನವಿಲು ಕೂಗುವುದನ್ನು ಮುಸ್ಸಂಜೆಯಲ್ಲಿ ಒಮ್ಮೆ ಕೇಳಿ. ಹೊಸಬರಿಗೆ ಹೆಂಗಸು ಕೂಗಿಕೊಂಡ ಹಾಗೇ ಅನಿಸುತ್ತೆ. ಪಕ್ಕದ ಜೋಗಿಮಟ್ಟಿ ಕಾಡಲ್ಲಿ ನವಿಲು ಬೇಕಾದಷ್ಟಿವೆ. ಬಿಳಿ ಮುಖದ ಕಣಜ ಗೂಬೆ ಕಿರುಚಿದರಂತೂ ಗೊತ್ತಿದ್ದವರಿಗೂ ಒಮ್ಮೆ ಮೈ ಜುಮ್ ಅನ್ನುತ್ತೆ. ಹಾಗೇ ಕತ್ತಲಲ್ಲಿ ಬಯಲಿನ ಕಡೆ ಓಡಾಡುವ ಬೆಳಕು ನೋಡಿ ಕೊಳ್ಳಿ ದೆವ್ವ ಅಂದವರಿದ್ದಾರೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕೋಕೆ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ರೈತನ ಕಷ್ಟ ಅದು.

ಆದರೆ ಇಷ್ಟು ಹೇಳಿ ಮುಗಿಸಿದರೆ ಅರ್ಧ ಉತ್ತರ ಕೊಟ್ಟ ಹಾಗೆ. ಬೇರೆ ಬೆಟ್ಟಗಳಲ್ಲೂ ಗಾಳಿ ಬೀಸುತ್ತೆ, ನವಿಲು ಕೂಗುತ್ತೆ. ಅಲ್ಲಿ ಯಾರೂ ಒನಕೆ ಸದ್ದು ಕೇಳಿದೆ ಅನ್ನಲ್ಲ. ಇಲ್ಲಿ ಅನ್ನುತ್ತಾರೆ, ಯಾಕಂದ್ರೆ ಇಲ್ಲಿ ನಿಜವಾಗಿ ಜನ ಸತ್ತಿದ್ದಾರೆ, ಊರು ಬರಿದಾಗಿದೆ.

ಹೈದರಾಲಿ ಒಂದಲ್ಲ, ಹಲವು ಸಲ ದುರ್ಗಕ್ಕೆ ಮುತ್ತಿಗೆ ಹಾಕಿದ. ಕೊನೆಗೆ 1779ರಲ್ಲಿ ಕೋಟೆ ಬಿತ್ತು. ಒಳಗಿನವರ ದ್ರೋಹವೂ ಸೇರಿತ್ತು. ಕೊನೆಯ ಮದಕರಿ ನಾಯಕನನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ವಾಪಸ್ ಬರಲಿಲ್ಲ. ನಾಯಕನ ಜೊತೆ ನಿಂತಿದ್ದ ಬೇಡ ಜನಾಂಗದ ಸುಮಾರು 20,000 ಜನರನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಹುಡುಗರನ್ನು ಚೇಲಾ ಪಡೆಗೆ, ಅಂದರೆ ಸೆರೆ ಹಿಡಿದ ಹುಡುಗರಿಂದಲೇ ಕಟ್ಟಿದ ಪಡೆಗೆ, ಸೇರಿಸಿದರು ಎಂದು ಬ್ರಿಟಿಷರ ಕಾಲದ ಇತಿಹಾಸಗಳಲ್ಲಿ ದಾಖಲಾಗಿದೆ. ಯೋಚನೆ ಮಾಡಿ. ನಿನ್ನೆಯವರೆಗೆ ಒಲೆ ಉರಿಯುತ್ತಿದ್ದ ಮನೆಗಳು, ಕಣಜಗಳು, ಎಣ್ಣೆ ಕೊಳಗಳು, ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳು ಎಲ್ಲ ಹಾಗೇ ಇವೆ. ಜನ ಇಲ್ಲ. ಆ ಬೀಸುವ ಕಲ್ಲು ಈಗಲೂ ಇದೆ, ಮುಟ್ಟಿ ನೋಡಬಹುದು. ಇಂಥ ಜಾಗದಲ್ಲಿ ಉಳಿದವರ ಬಾಯಲ್ಲಿ ಕಥೆ ಹುಟ್ಟದೆ ಇನ್ನೇನು ಹುಟ್ಟುತ್ತೆ? ಕೋಟೆ ಬಿದ್ದಾಗ ರಾಣಿಯರು ಹೊಂಡಕ್ಕೆ ಹಾರಿದರು ಅಂತ ಹೇಳುವ ಅಜ್ಜಿಯಂದಿರು ಹೆದರಿಸೋಕೆ ಹೇಳುವುದಿಲ್ಲ. ಹೇಳುವಾಗ ಅವರ ಗಂಟಲು ಕಟ್ಟುತ್ತೆ.

ಓಬವ್ವನ ಮಾತಿಗೆ ಬಂದರೆ ನನಗೆ ಸ್ವಲ್ಪ ನೋವೇ ಆಗುತ್ತೆ. ಕಹಳೆ ಊದುವ ಮುದ್ದಹನುಮಪ್ಪ ಊಟಕ್ಕೆ ಕೂತಿದ್ದ. ಹೆಂಡತಿ ಓಬವ್ವ ನೀರು ತರಲು ತಣ್ಣೀರು ದೋಣಿ ಅನ್ನೋ ನೀರಿನ ತಾಣಕ್ಕೆ ಹೋದಳು. ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ನಿಂತಳು. ಅವತ್ತೇ ಜೀವ ಬಿಟ್ಟಳು. ಅಂಥವಳನ್ನು ದೆವ್ವ ಅನ್ನಬಹುದಾ? 2021ರಿಂದ ಸರ್ಕಾರವೇ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತಿದೆ. ಜಿಲ್ಲಾಧಿಕಾರಿ ಕಚೇರಿ ಮುಂದೆ ಅವಳ ಪ್ರತಿಮೆ ಇದೆ. ನಮ್ಮ ಓಣಿಯ ಹೆಂಗಸರು ಕಿಂಡಿಯ ಮುಂದೆ ಹೋದಾಗ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಾರೆ. ದೆವ್ವಕ್ಕೆ ಯಾರೂ ಹಾಗೆ ಕೈ ಮುಗಿಯಲ್ಲ.

ದುರ್ಗದ ಗುಣವೇ ಹಾಗೆ. ಇಲ್ಲಿ ಹಿಡಿಂಬ ಅನ್ನೋ ರಾಕ್ಷಸ ಇದ್ದ, ಭೀಮ ಅವನನ್ನು ಕೊಂದ ಅಂತ ಕಥೆ. ಬೇರೆ ಊರಾಗಿದ್ದರೆ ಆ ಜಾಗಕ್ಕೆ ಬೇಲಿ ಹಾಕುತ್ತಿದ್ದರೇನೋ. ಇಲ್ಲಿ ದೇವಸ್ಥಾನ ಕಟ್ಟಿ ಶಿವನಿಗೇ ಹಿಡಿಂಬೇಶ್ವರ ಅಂತ ಹೆಸರಿಟ್ಟರು. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ, ಸತ್ತವರು ಹಿರಿಯರಾಗುತ್ತಾರೆ. ಮಹಾಲಯ ಅಮಾವಾಸ್ಯೆಗೆ ಅವರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡುತ್ತೇವೆ.

ದುರ್ಗದ ಪಕ್ಕದ ಚಂದ್ರವಳ್ಳಿಯ ಅಂಕಲಿ ಮಠದ ಬಗ್ಗೆಯೂ ಕೇಳುವವರಿದ್ದಾರೆ. ಬಂಡೆಯೊಳಗೆ ಇಳಿಯುವ ಗುಹೆ ಅದು. ನಡು ಮಧ್ಯಾಹ್ನವೂ ಒಳಗೆ ನಿಮ್ಮ ಕೈ ನಿಮಗೆ ಕಾಣಲ್ಲ. ಬಾವಲಿಗಳ ವಾಸನೆ ಮೂಗಿಗೆ ಹೊಡೆಯುತ್ತೆ. ಟಾರ್ಚ್ ಹಿಡಿದ ಗೈಡ್ ಜೊತೆ ಮಾತ್ರ ಹೋಗಿ. ನಿಧಿ ಇದೆ, ಸರ್ಪ ಕಾಯುತ್ತೆ ಅಂತ ಹಬ್ಬಿರುವ ಮಾತಿಗೆ ಕಿವಿ ಕೊಡಬೇಡಿ. ಆ ಮಾತು ನಂಬಿ ಎಷ್ಟೋ ಹಳೇ ಗುಡಿಗಳನ್ನು ನಿಧಿಗಳ್ಳರು ಅಗೆದು ಹಾಳು ಮಾಡಿದ್ದಾರೆ. ಚಂದ್ರವಳ್ಳಿಯ ನಿಜವಾದ ನಿಧಿ 1929ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಸಿಕ್ಕಿತು. ಶಾತವಾಹನರ ಕಾಲದ ನಾಣ್ಯ, ರೋಮ್‌ನ ನಾಣ್ಯ, ಮಡಿಕೆ ಚೂರು. ಕದಂಬರ ಮಯೂರಶರ್ಮನ ಕೆರೆಯ ಶಾಸನ ಅಲ್ಲೇ ಬಂಡೆಯ ಮೇಲಿದೆ.

ಒಂದು ವಿಷಯಕ್ಕೆ ಮಾತ್ರ ನಾನು ಗಟ್ಟಿ ದನಿಯಲ್ಲಿ ಹೇಳಬೇಕು. ನಮ್ಮ ಓಣಿಯ ಒಂದು ಹುಡುಗಿಗೆ ಕೋಟೆಗೆ ಹೋಗಿ ಬಂದ ರಾತ್ರಿ ಜ್ವರ ಬಂತು. ಗಾಳಿ ಸೋಕಿದೆ ಅಂದರು. ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು, ಅಂತ್ರ ಕಟ್ಟಿಸಿದರು. ಮೂರು ದಿನ ಹೀಗೇ ಹೋಯಿತು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಟೈಫಾಯ್ಡ್. ಹುಡುಗಿ ಉಳಿದಳು, ಆದರೆ ಆ ಮೂರು ದಿನ ಅವಳ ತಾಯಿ ಅತ್ತದ್ದು ನನಗೆ ಮರೆಯೋಕೆ ಆಗಲ್ಲ. ಅಂತ್ರ ಕಟ್ಟಿದರೆ ಕಟ್ಟಿಕೊಳ್ಳಲಿ, ಡಾಕ್ಟರ್ ಹತ್ರ ಮೊದಲು ಹೋಗಿ. ದೆವ್ವ ಬಿಡಿಸ್ತೀನಿ ಅಂತ ಹೊಡೆಯುವುದು, ಬರೆ ಹಾಕುವುದು ಕರ್ನಾಟಕದಲ್ಲಿ 2017ರ ಕಾಯ್ದೆ ಪ್ರಕಾರ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ.

ಹೆದರಬೇಕಾದ್ದು ಬೇರೆ ಇದೆ. ಹೊಂಡಗಳು ಆಳ, ಅಂಚಿನ ಕಲ್ಲು ಪಾಚಿ ಕಟ್ಟಿ ಜಾರುತ್ತೆ. ಎಣ್ಣೆ ಕೊಳಗಳ ಬಾಯಿಗೆ ಮಕ್ಕಳನ್ನು ಬಗ್ಗೋಕೆ ಬಿಡಬೇಡಿ. ಬಂಡೆ ಹತ್ತಿ ಸೆಲ್ಫಿ ತೆಗೆಯುವುದಂತೂ ಬೇಡ. ಜೋಗಿಮಟ್ಟಿ ಕಾಡಲ್ಲಿ ಕರಡಿ, ಚಿರತೆ ಇವೆ, ಕತ್ತಲಾದ ಮೇಲೆ ಗುಡ್ಡದ ಕಡೆ ಸುತ್ತಬಾರದು. ಸಂಜೆ ಕೋಟೆ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ಇಳಿದುಬಿಡಿ. ನಮ್ಮ ಅಜ್ಜಿ ಹೇಳಿದ್ದೂ ಇದನ್ನೇ, ದೆವ್ವದ ಹೆಸರಲ್ಲಿ ಹೇಳಿದಳು ಅಷ್ಟೇ.

ಬೆಳಗ್ಗೆ ಬೇಗ ಬನ್ನಿ, ಬಿಸಿಲು ಏರುವ ಮುಂಚೆ. ನೀರಿನ ಬಾಟಲಿ ಜಾಸ್ತಿ ಇರಲಿ. ಅತ್ತೆಯವರಿಗೆ ಮಂಡಿ ನೋವಿದ್ದರೆ ಏಕನಾಥೇಶ್ವರಿ ಗುಡಿವರೆಗೆ ನಿಧಾನವಾಗಿ ಹತ್ತಿಸಿ, ಅಲ್ಲಿ ಕೂತು ದಣಿವಾರಿಸಿಕೊಳ್ಳಲಿ. ಮಕ್ಕಳು ಕಿಂಡಿಯಲ್ಲಿ ನುಸುಳೋಕೆ ಖಂಡಿತ ಹಟ ಮಾಡುತ್ತವೆ. ಅಲ್ಲಿ ನಿಂತು "ಇಲ್ಲಿ ದೆವ್ವ ಇದೆಯಾ?" ಅಂತ ಕೇಳಿದರೆ ಓಬವ್ವನ ಕಥೆ ಹೇಳಿ. ನೀರು ತರೋಕೆ ಕೊಡ ಎತ್ತಿಕೊಂಡು ಹೊರಟಳು ಅನ್ನುವಲ್ಲಿಂದ ಶುರು ಮಾಡಿ.